ರೂಟರ್ ಆಫ್ ಮಾಡಿ ಆನ್ ಮಾಡೋದಷ್ಟೇ ಇಂಜಿನಿಯರಿಂಗಾ?

ರಜೆಗೆ ಊರಿಗೆ ಹೋದ ಇಂಜಿನಿಯರಿಂಗ್ ಹುಡುಗರಿಗೆ ಮನೆಯಲ್ಲಿ ಕಾಯ್ತಾ ಇರೋದು ಹೋಳಿಗೆ ಒಂದೇ ಅಲ್ಲ. ಕೆಟ್ಟ ಪ್ರಿಂಟರ್ ಕಾಯ್ತಿರುತ್ತೆ, ಪಾಸ್‌ವರ್ಡ್ ಮರೆತ ಫೋನ್ ಕಾಯ್ತಿರುತ್ತೆ, ಮೂರು ದಿನದಿಂದ ಓಪನ್ ಆಗದ ವೆಬ್‌ಸೈಟ್ ಕಾಯ್ತಿರುತ್ತೆ. "ಹೆಂಗೂ ನೀ ಬರ್ತೀಯಲ್ಲ ಅಂತ ಹಂಗ ಇಟ್ಟೀವಿ" ಅಂತಾರೆ. ಆ ನಂಬಿಕೆ ನೋಡಿದ್ರೆ ಹೆಮ್ಮೆ ಆಗುತ್ತೆ, ಜೊತೆಗೆ ಹೊಟ್ಟೆಯಲ್ಲಿ ಒಂಥರಾ ಕಸಿವಿಸಿನೂ ಆಗುತ್ತೆ. ಯಾಕಂದ್ರೆ ನಮಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅನ್ನೋದು ನಮಗೆ ಮಾತ್ರ ಗೊತ್ತು.

ಈ ಸಲದ ದಸರಾ ರಜೆಯಲ್ಲಿ ನಾವು ಮೂವರು, ಒಂದೇ ಹಾಸ್ಟೆಲ್ ರೂಮಿನವರು, ಯಲವಿಗಿಗೆ ಹೋಗಿದ್ವಿ. ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೋಗೋ ಪ್ಯಾಸೆಂಜರ್ ಹತ್ತಿದರೆ ಕುಂದಗೋಳ, ಗುಡಗೇರಿ ದಾಟಿ ಸಿಗೋ ಸ್ಟೇಷನ್. ಸವಣೂರು ತಾಲ್ಲೂಕಿನ ಊರು. ನಮ್ಮಲ್ಲೊಬ್ಬನ ಕಾಕಾನ ಮನೆ ಅಲ್ಲಿದೆ. ರೊಟ್ಟಿ ಊಟ, ಸವಣೂರು ಖಾರ, ಹೊಲದಲ್ಲಿ ತಿರುಗಾಟ ಅಂತ ನಾಲ್ಕು ದಿನದ ಪ್ಲ್ಯಾನ್. ಆದರೆ ಆ ನಾಲ್ಕು ದಿನದಲ್ಲಿ ನಾವು ನೋಡಿದ್ದು ಹೆಚ್ಚಾಗಿ ಒಂದು ರೂಟರ್‌ನ ಹಸಿರು ದೀಪಗಳನ್ನೇ. ಅದರಲ್ಲಿ ಸೋತ್ವಿ ಕೂಡ. ಈ ಬರಹ ಆ ಸೋಲಿನ ಬಗ್ಗೆ, ಮತ್ತು ಅದರಿಂದ ನಮಗೆ ಹುಟ್ಟಿದ ಒಂದು ಅಭಿಪ್ರಾಯದ ಬಗ್ಗೆ.

ಆಗಿದ್ದು ಇಷ್ಟು

ಗುರುವಾರ ಸಂಜೆ ಮನೆ ಮುಟ್ಟಿದಾಗ ಕಾಕಾನ ಮಗಳು, ಪಿಯುಸಿ ಓದೋ ತಂಗಿ, ಕಂಪ್ಯೂಟರ್ ಮುಂದೆ ಮುಖ ಸಣ್ಣ ಮಾಡ್ಕೊಂಡು ಕೂತಿದ್ಲು. ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕು, ಶನಿವಾರ ಕೊನೆ ದಿನ, ಸೈಟ್ ಓಪನ್ ಆಗ್ತಿಲ್ಲ. ಯೂಟ್ಯೂಬ್ ಬರುತ್ತೆ. ಗೂಗಲ್ ಬರುತ್ತೆ. ವಾಟ್ಸ್ಆ್ಯಪ್ ಮೆಸೇಜ್ ಹೋಗುತ್ತೆ. ಆ ಸೈಟ್ ಮಾತ್ರ ಸುತ್ತುತ್ತಾನೇ ಇರುತ್ತೆ. ಅದರ ಜೊತೆ ಇನ್ನೂ ಎರಡು ಮೂರು ಸೈಟ್‌ಗಳ ಕತೆನೂ ಅದೇ.

"ಅಣ್ಣಾ, ನೀವು ಕಂಪ್ಯೂಟರ್ ಸೈನ್ಸ್ ಅಲ್ಲಾ? ಸ್ವಲ್ಪ ನೋಡ್ರಿ."

ನೋಡಿದ್ವಿ. ರೂಟರ್ ಆಫ್ ಮಾಡಿ ಆನ್ ಮಾಡಿದ್ವಿ. ಬ್ರೌಸರ್ ಬದಲಾಯಿಸಿದ್ವಿ. ಕ್ಯಾಶ್ ತೆಗೆದ್ವಿ. ಇನ್‌ಕಾಗ್ನಿಟೋದಲ್ಲಿ ತೆಗೆದು ನೋಡಿದ್ವಿ. ನಮ್ಮ ಫೋನ್‌ಗಳನ್ನ ಮನೆ ವೈಫೈಗೆ ಹಾಕಿ ನೋಡಿದ್ವಿ, ಅದರಲ್ಲೂ ಬರಲಿಲ್ಲ. ಆಗ ನಾವು ಮೂವರೂ ಒಂದೇ ಧ್ವನಿಯಲ್ಲಿ ತೀರ್ಪು ಕೊಟ್ವಿ: "ಸರ್ವರ್ ಡೌನ್. ಲಾಸ್ಟ್ ಡೇಟ್ ಹತ್ರ ಬಂದಾಗ ಹಿಂಗೇ ಆಗೋದು. ರಾತ್ರಿ ಎರಡು ಗಂಟೆಗೆ ಟ್ರೈ ಮಾಡು."

ಪಾಪ, ಅವಳು ನಿಜವಾಗಲೂ ಎರಡು ಗಂಟೆಗೆ ಎದ್ದು ನೋಡಿದ್ಲು. ಬರಲಿಲ್ಲ.

ಶುಕ್ರವಾರ ನಮಗೆ ಸ್ವಲ್ಪ ಮಾನದ ಪ್ರಶ್ನೆ ಬಂತು. ಡಿಎನ್‌ಎಸ್ ಬದಲಾಯಿಸಿ 8.8.8.8 ಹಾಕಿದ್ವಿ, ಯಾಕೆ ಹಾಕ್ತಿದ್ದೀವಿ ಅಂತ ಸರಿಯಾಗಿ ಗೊತ್ತಿಲ್ಲದೇ. ಏನೂ ಆಗಲಿಲ್ಲ. ಆಮೇಲೆ ನಮ್ಮಲ್ಲೊಬ್ಬ (ಯಾರು ಅಂತ ಹೇಳಲ್ಲ, ಮೂವರೂ ಒಪ್ಪಿಕೊಂಡಿದ್ವಿ) ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಫ್ಯಾಕ್ಟರಿ ರೀಸೆಟ್ ಮಾಡಿದ. ಆಗ ಯೂಟ್ಯೂಬೂ ಹೋಯ್ತು, ಗೂಗಲ್ಲೂ ಹೋಯ್ತು. ಕನೆಕ್ಷನ್‌ನ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿ ಹೋಗಿತ್ತು, ಅದು ಮನೆಯಲ್ಲಿ ಯಾರ ಹತ್ರನೂ ಇರಲಿಲ್ಲ. ಲೈನ್ ಕೊಟ್ಟವರಿಗೆ ಫೋನ್ ಮಾಡಿದರೆ "ನಾಳೆ ಸಂಜಿಕೆ ಬರ್ತೀನ್ರಿ" ಅಂದ್ರು.

ಶನಿವಾರ ಬೆಳಿಗ್ಗೆ ಕಾಕಾ ಹೊಲದಲ್ಲಿ ಗೋವಿನಜೋಳ ಮುರಿಯೋಕೆ ಬಂದಿದ್ದ ಆಳುಗಳನ್ನ ಅಷ್ಟಕ್ಕೇ ಬಿಟ್ಟು, ಮಗಳನ್ನ ಕರ್ಕೊಂಡು ಸವಣೂರಿಗೆ ಹೋದರು. ಅಲ್ಲಿ ಕಂಪ್ಯೂಟರ್ ಸೆಂಟರ್‌ನಲ್ಲಿ ಕ್ಯೂ. ಅರ್ಜಿ ಸಬ್ಮಿಟ್ ಆದಾಗ ಸಂಜೆ ನಾಲ್ಕೂವರೆ. ಸುಗ್ಗಿಯ ಒಂದು ದಿನ ಹೋಯ್ತು. ಕೂಲಿ ಕೊಡೋದಂತೂ ತಪ್ಪಲಿಲ್ಲ.

ಅವತ್ತು ಸಂಜೆ ಲೈನಿನವರು ಬಂದು, ತಮ್ಮ ಫೋನಲ್ಲಿದ್ದ ಸೆಟ್ಟಿಂಗ್ ಫೋಟೋ ನೋಡ್ತಾ ಎಲ್ಲ ಕಾಲಂ ತುಂಬಿ ಹೋದ್ರು. ಯೂಟ್ಯೂಬ್ ಮತ್ತೆ ಬಂತು. ಆ ಸೈಟ್ ಮಾತ್ರ ಹಾಗೇ ಸುತ್ತುತ್ತಿತ್ತು. ಬೇಜಾರಾಗಿ ನಾವು ಮಾಳಿಗೆ ಮೇಲೆ ಹೋಗಿ ಕೂತ್ವಿ. ಆ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರಲ್ಲ, ಮಾಳಿಗೆ ಮೇಲೆ ಚೆನ್ನಾಗಿ ಬರುತ್ತೆ. ಒಬ್ಬ ಸುಮ್ಮನೆ ಮೊಬೈಲ್ ಡೇಟಾದಲ್ಲಿ ಆ ಸೈಟ್ ತೆಗೆದ. ಒಂದೇ ಸೆಕೆಂಡಲ್ಲಿ ಓಪನ್ ಆಯ್ತು.

ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸರ್ವರ್ ಡೌನ್ ಆಗಿರಲೇ ಇಲ್ಲ. ಗುರುವಾರ ಸಂಜೆಯೇ ಒಂದು ಲ್ಯಾಪ್‌ಟಾಪ್ ತಗೊಂಡು ಮಾಳಿಗೆ ಹತ್ತಿದ್ದರೆ ಅರ್ಜಿ ಅವತ್ತೇ ಮುಗೀತಿತ್ತು. ತಂಗಿ ರಾತ್ರಿ ಎರಡಕ್ಕೆ ಏಳಬೇಕಿರಲಿಲ್ಲ, ಕಾಕಾ ಸವಣೂರಿಗೆ ಹೋಗಬೇಕಿರಲಿಲ್ಲ. ಮನೆಯ ಕಂಪ್ಯೂಟರೂ ನಮ್ಮ ಫೋನೂ ಒಂದೇ ವೈಫೈ ಮೇಲೆ ಇದ್ದವು. ಹಾಗಾಗಿ ಅವು ಎರಡು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಅಷ್ಟು ಸಣ್ಣ ತರ್ಕ ನಮಗೆ ಹೊಳೆಯಲಿಲ್ಲ.

ಹೇರು ದೊಡ್ಡದು, ಕಮಾನು ಸಣ್ಣದು

ಭಾನುವಾರ ನಮ್ಮ ಬ್ರ್ಯಾಂಚಿನ ಸೀನಿಯರ್ ಅಕ್ಕ ಒಬ್ಬರಿಗೆ ಫೋನ್ ಮಾಡಿದ್ವಿ. ಅವರು ನಮ್ಮ ಕತೆ ಪೂರ್ತಿ ಕೇಳಲೇ ಇಲ್ಲ. ಮೂರು ಪ್ರಶ್ನೆ ಕೇಳಿದ್ರು. ಎಲ್ಲ ಸೈಟಾ, ಕೆಲವು ಸೈಟಾ? ಒಂದೇ ಡಿವೈಸಾ, ಎಲ್ಲದರಲ್ಲೂನಾ? ಬೇರೆ ನೆಟ್‌ವರ್ಕಲ್ಲಿ ಬರುತ್ತಾ? ಉತ್ತರ ಕೇಳಿ, "ಪಿಂಗ್ ಮಾಡಿ, ಆದರೆ ಸೈಜ್ ಕೊಟ್ಟು ಮಾಡಿ. ಒಡೀಬಾರದು ಅನ್ನೋ ಆಪ್ಷನ್ ಹಾಕಿ. ಮೊದಲು 1472, ಆಮೇಲೆ 1464" ಅಂದ್ರು.

1472 ಹಾಕಿದ್ವಿ, ಉತ್ತರವೇ ಬರಲಿಲ್ಲ. 1464 ಹಾಕಿದ್ವಿ, ತಕ್ಷಣ ಬಂತು.

ಇದರ ಲೆಕ್ಕ ಹೀಗಿದೆ. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ ಹೆಚ್ಚೆಂದರೆ 1500 ಬೈಟ್ ಇರಬಹುದು. ನಾವು ಪಿಂಗ್‌ಗೆ ಕೊಡೋ ಸೈಜಿಗೆ ಐಪಿ ಹೆಡರ್‌ನ 20, ಐಸಿಎಂಪಿ ಹೆಡರ್‌ನ 8, ಒಟ್ಟು 28 ಬೈಟ್ ಸೇರುತ್ತೆ. 1472ಕ್ಕೆ 28 ಸೇರಿದರೆ ಸರಿಯಾಗಿ 1500. ಆದರೆ ಕಾಕಾನ ಮನೆ ಲೈನು ಪಿಪಿಪಿಒಇ ಮೇಲೆ ನಡೆಯುತ್ತೆ, ಅಂದ್ರೆ ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗೋ ಕನೆಕ್ಷನ್. ಅದು ಪ್ರತಿ ಪ್ಯಾಕೆಟ್ಟಿಗೂ ತನ್ನದೊಂದು 8 ಬೈಟ್‌ನ ಚೀಟಿ ಅಂಟಿಸುತ್ತೆ. ಹಾಗಾಗಿ ಆ ದಾರಿಯಲ್ಲಿ ನಮಗೆ ಉಳಿಯೋ ಜಾಗ 1492 ಮಾತ್ರ. 1464ಕ್ಕೆ 28 ಸೇರಿಸಿ ನೋಡಿ, 1492. ರೂಟರ್‌ನ ಸೆಟ್ಟಿಂಗಲ್ಲಿ ಎಂಟಿಯು ಅನ್ನೋ ಕಾಲಂನಲ್ಲಿ 1500 ಅಂತ ಇತ್ತು. ಇಲ್ಲದ 8 ಬೈಟ್ ಜಾಗವನ್ನ ಇದೆ ಅಂತ ರೂಟರ್ ನಂಬಿಕೊಂಡು ಕೂತಿತ್ತು.

ಹಾಗಾದ್ರೆ ಯೂಟ್ಯೂಬ್ ಯಾಕೆ ಬರ್ತಿತ್ತು? ಅದರ ಟ್ರಾಫಿಕ್ ಬಹಳಷ್ಟು ಕ್ವಿಕ್ ಅನ್ನೋ ಪ್ರೋಟೋಕಾಲ್ ಮೇಲೆ, 1500ಕ್ಕಿಂತ ಸಾಕಷ್ಟು ಸಣ್ಣ ಪ್ಯಾಕೆಟ್‌ಗಳಲ್ಲಿ ಬರುತ್ತೆ. ವಾಟ್ಸ್ಆ್ಯಪ್ ಮೆಸೇಜ್ ಅಂತೂ ಇನ್ನೂ ಪುಟ್ಟದು. ಆದರೆ ಆ ಸ್ಕಾಲರ್‌ಶಿಪ್ ಸೈಟ್‌ನ ಸರ್ವರ್ ಪೂರ್ತಿ 1500 ಬೈಟ್ ತುಂಬಿ ಕಳಿಸ್ತಿತ್ತು. ಮೊದಲ ಕೈಕುಲುಕಾಟದ ಪ್ಯಾಕೆಟ್‌ಗಳು ಸಣ್ಣವು, ಅವು ದಾಟುತ್ತವೆ. ಆಮೇಲೆ ಸರ್ವರ್ ತನ್ನ ಸರ್ಟಿಫಿಕೇಟ್ ಕಳಿಸೋಕೆ ಶುರು ಮಾಡುತ್ತೆ, ಅದು ದೊಡ್ಡದು, ಅಲ್ಲೇ ನಿಂತು ಹೋಗುತ್ತೆ. ಅದಕ್ಕೇ ಬ್ರೌಸರ್ ಯಾವ ಎರರ್ರೂ ಕೊಡದೆ ಸುಮ್ಮನೆ ಸುತ್ತುತ್ತಿತ್ತು.

ನಿಯಮದ ಪ್ರಕಾರ ಹೀಗೆ ಆಗಬಾರದು. ಪ್ಯಾಕೆಟ್ ಹಿಡಿಸದಿದ್ದರೆ ಮಧ್ಯದ ಸಾಧನ ಸರ್ವರ್‌ಗೆ "ದೊಡ್ಡದಾಯ್ತು, ಸಣ್ಣದು ಕಳಿಸು" ಅಂತ ಒಂದು ಐಸಿಎಂಪಿ ಸಂದೇಶ ಕಳಿಸಬೇಕು. ಈ ಪದ್ಧತಿಯನ್ನ 1990ರ ಆರ್‌ಎಫ್‌ಸಿ 1191ರಲ್ಲೇ ಬರೆದಿದ್ದಾರೆ. ಆದರೆ ಸೆಕ್ಯುರಿಟಿ ಹೆಸರಲ್ಲಿ ಎಷ್ಟೋ ಕಡೆ ಫೈರ್‌ವಾಲ್‌ಗಳು ಐಸಿಎಂಪಿ ಪೂರ್ತಿ ತಡೆದುಬಿಡುತ್ತವೆ. ಸರ್ವರ್‌ಗೆ ಆ ಮಾತು ಮುಟ್ಟೋದೇ ಇಲ್ಲ. ಅದು ಮತ್ತೆ ಮತ್ತೆ ಅದೇ ದೊಡ್ಡ ಪ್ಯಾಕೆಟ್ ಕಳಿಸ್ತಾನೇ ಇರುತ್ತೆ. ಈ ಕಾಯಿಲೆಗೆ ಬ್ಲ್ಯಾಕ್ ಹೋಲ್ ಅಂತ ಹೆಸರು. 2000ದ ಆರ್‌ಎಫ್‌ಸಿ 2923ರಲ್ಲಿ ಇದರ ಲಕ್ಷಣ ವಿವರವಾಗಿ ಇದೆ. ಅಂದ್ರೆ ನಾವು ಹುಟ್ಟೋಕೆ ಮೊದಲೇ ಗೊತ್ತಿದ್ದ ಕಾಯಿಲೆಗೆ ನಾವು ಮೂರು ದಿನ ಪಿನ್ ಚುಚ್ಚಿದ್ವಿ.

1500 ಇದ್ದ ಕಾಲಂನಲ್ಲಿ 1492 ಹಾಕಿ ಸೇವ್ ಮಾಡಿದ್ವಿ. ಈಗ ರೂಟರ್ ಪ್ರತಿ ಕನೆಕ್ಷನ್ ಶುರುವಿನಲ್ಲೇ "ಒಂದು ಸಲಕ್ಕೆ 1452 ಬೈಟ್‌ಗಿಂತ ಹೆಚ್ಚು ಡೇಟಾ ಬೇಡ" ಅಂತ ಆ ಕಡೆಯವರಿಗೆ ಹೇಳಿಬಿಡುತ್ತೆ. ಸೈಟ್ ಓಪನ್ ಆಯ್ತು. ಕೆಲಸ ಹತ್ತು ನಿಮಿಷದ್ದು. ಆದರೆ ಒಂದು ದಿನ ತಡವಾಗಿತ್ತು.

ಕಾಕಾ ಚಹಾ ಕುಡೀತಾ ಕೇಳಿದ್ರು, "ಏನಾಗಿತ್ತಪ್ಪಾ ಅದಕ್ಕ?"

ಇಲ್ಲಿ ನಮ್ಮ ಎರಡನೇ ಸೋಲು. ನಾವು ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. "ಅದು ಕಾಕಾ, ಪಾತ್ ಎಂಟಿಯು ಡಿಸ್ಕವರಿ ಫೇಲ್ ಆಗ್ತಿತ್ತು, ಐಸಿಎಂಪಿ ಬ್ಲಾಕ್ ಆಗಿತ್ತು" ಅಂತ ಏನೋ ಹೇಳಿದ್ವಿ. ಕಾಕಾ ಸುಮ್ಮನೆ ನೋಡಿದ್ರು. ಆಮೇಲೆ ನಮ್ಮಲ್ಲೊಬ್ಬ ತಡವರಿಸ್ತಾ, ದಾರಿ ಸಣ್ಣದು, ಬರೋ ಗಂಟು ದೊಡ್ಡದು, ಹಿಂದಕ್ಕೆ ಹೋಗಿ ಹೇಳೋರಿಲ್ಲ ಅಂತ ಬಿಡಿಸಿ ಹೇಳೋಕೆ ಶುರು ಮಾಡಿದ. ಕಾಕಾ ಅರ್ಧಕ್ಕೇ ಹಿಡಿದುಬಿಟ್ಟರು.

"ಅಂದ್ರ ರೈಲ್ವೆ ಸೇತುವಿ ಕೆಳಗಿನ ದಾರಿ ಇದ್ದಂಗ. ಬೈಕ್ ಹೊಕ್ಕಾವು, ಆಟೋ ಹೊಕ್ಕಾವು. ಮೇವಿನ ಹೇರು ಮಾತ್ರ ಸಿಕ್ಕೊಂತೈತಿ. 'ಹೇರು ಕಡಿಮಿ ಮಾಡ್ರೋ' ಅಂತ ಹೇಳಾಕ ಹೋದವನ್ನ ಊರ ಬಾಗಿಲದಾಗ ತಡದಾರ. ಅವರು ಮತ್ತ ಅಷ್ಟ ಹೇರು ತುಂಬಿ ಕಳಸಾಕತ್ತಾರ. ಅಷ್ಟ ಹೌದಲ್ಲೋ?"

ಅಷ್ಟೇ. ನಾವು ಆಮೇಲೆ ನೋಡಿದ ಯಾವ ವಿಡಿಯೋದಲ್ಲೂ ಇದಕ್ಕಿಂತ ಸರಿಯಾದ ವಿವರಣೆ ನಮಗೆ ಸಿಗಲಿಲ್ಲ. ಹೋಗುವಾಗ ಕಾಕಾ ಬೈಯ್ಯಲೂ ಇಲ್ಲ. "ಇರ್ಲಿ ತಗೋ, ಇನ್ನೂ ಎರಡು ವರ್ಷ ಐತೆಲ್ಲ ನಿಮ್ಮ ಓದು" ಅಂದ್ರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸ್ತು.

ನಮ್ಮ ವಾದ

ನಮ್ಮ ವಾದ ಸರಳ. ವೆಬ್‌ಸೈಟ್ ಯಾಕೆ ಓಪನ್ ಆಗ್ತಿಲ್ಲ ಅಂತ ಕಂಡುಹಿಡಿಯೋದು ಇಂಜಿನಿಯರಿಂಗ್‌ನ ಮೊದಲ ಪಾಠ ಆಗಬೇಕು, ಮತ್ತು ಅದನ್ನ ಮನೆಯವರಿಗೆ ಅವರ ಮಾತಲ್ಲಿ ಹೇಳೋದು ಎರಡನೇ ಪಾಠ.

ನಮಗೆ ಏಳು ಲೇಯರ್‌ಗಳ ಹೆಸರು ಬರುತ್ತೆ. ಫಿಸಿಕಲ್ಲಿಂದ ಅಪ್ಲಿಕೇಷನ್‌ವರೆಗೆ ಒಂದೇ ಉಸಿರಲ್ಲಿ ಹೇಳ್ತೀವಿ. ನೆಟ್‌ವರ್ಕ್ಸ್ ಸಬ್ಜೆಕ್ಟ್ ನಮಗಿನ್ನೂ ಬಂದಿಲ್ಲ, ಆದರೂ ಕ್ವಿಜ್‌ಗೆ ಅಂತ ಬಾಯಿಪಾಠ ಆಗಿದೆ. ಆ ಏಳು ಲೇಯರ್ ಇರೋದು ಹುಡುಕೋಕೆ ಒಂದು ಕ್ರಮ ಇರಲಿ ಅಂತಲೂ ಹೌದು ಅನ್ನೋದು ಮಾತ್ರ ಯಲವಿಗಿಗೆ ಹೋಗೋವರೆಗೆ ನಮಗೆ ಹೊಳೆದಿರಲಿಲ್ಲ. ನಾವು ಮಾಡಿದ್ದು ಹುಡುಕಾಟ ಅಲ್ಲ, ಕೈಗೆ ಸಿಕ್ಕಿದ್ದನ್ನ ಒತ್ತೋದು. ರೀಸ್ಟಾರ್ಟ್ ಕೆಲವು ಸಲ ಕೆಲಸ ಮಾಡುತ್ತೆ, ನಿಜ. ಆದರೆ ಕೆಲಸ ಮಾಡಿದಾಗಲೂ ಏನಾಗಿತ್ತು ಅಂತ ಗೊತ್ತಾಗಲ್ಲ. ಮುಂದಿನ ವಾರ ಅದೇ ಕತೆ.

ನಮ್ಮ ಮಾತಿಗೆ ಬರೋ ಆಕ್ಷೇಪಣೆಗಳು ನಮಗೆ ಗೊತ್ತು. ಹಾಸ್ಟೆಲ್‌ನಲ್ಲೇ ಕೇಳಿದ್ದೀವಿ.

ಒಂದು, "ಇದು ಟೆಕ್ನಿಷಿಯನ್ ಕೆಲಸ, ನಾವು ಇಂಜಿನಿಯರ್‌ಗಳು." ಈ ಮಾತಲ್ಲಿ ಜಾಣತನಕ್ಕಿಂತ ಸೊಕ್ಕು ಜಾಸ್ತಿ. ಯಲವಿಗಿಯಲ್ಲಿ ಲೈನ್ ಕೊಡೋ ಆ ಅಣ್ಣ ಊರೂರು ಸುತ್ತಿ ಫೈಬರ್ ಎಳೀತಾರೆ, ಮಳೆಯಲ್ಲಿ ಕಂಬ ಹತ್ತುತ್ತಾರೆ. ಅವರಿಗೆ ಎಂಟಿಯು ಅಂದ್ರೇನು ಅಂತ ಯಾರೂ ಕೂತು ಹೇಳಿಕೊಟ್ಟಿಲ್ಲ, ಫೋಟೋ ನೋಡಿ ತುಂಬ್ತಾರೆ. ನಮಗೆ ಹೇಳಿಕೊಡೋ ವ್ಯವಸ್ಥೆ ಇದೆ, ಲೈಬ್ರರಿ ಇದೆ, ಲ್ಯಾಬ್ ಇದೆ. ಆದರೂ ಗೊತ್ತಿಲ್ಲ ಅಂದ್ರೆ ತಪ್ಪು ಯಾರದ್ದು ಜಾಸ್ತಿ?

ಎರಡು, "ಈಗೆಲ್ಲ ಫೋನಲ್ಲೇ ಆಗುತ್ತೆ, ಮನೆ ನೆಟ್‌ವರ್ಕ್ ಯಾರಿಗೆ ಬೇಕು?" ಹಳ್ಳಿ ಮನೆಯ ಕಂಪ್ಯೂಟರ್ ಈಗ ಆಟದ ಸಾಮಾನಲ್ಲ. 2000ದ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂತು. ಈಗ ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್, ಸಿಇಟಿ ಆಪ್ಷನ್ ಎಂಟ್ರಿ, ಸೇವಾ ಸಿಂಧುವಿನ ಅರ್ಜಿಗಳು, ಎಲ್ಲ ಒಂದೊಂದು ವೆಬ್‌ಸೈಟ್. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯೋ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ, ಅದೇ ಈಗಿನ ಭಾರತ್‌ನೆಟ್. ತಂತಿ ಬಂತು, ಅರ್ಜಿಗಳೂ ಬಂದವು. ತಂತಿ ಕೊನೆಯಲ್ಲಿ ಕೂತವರಿಗೆ ಪೇಜ್ ಬರದಿದ್ದರೆ ಯಾಕೆ ಅಂತ ಹೇಳೋರು ಮಾತ್ರ ಬರಲಿಲ್ಲ. ಆಗ ಅವರು ಮಾಡೋದು ಒಂದೇ, ಕೆಲಸ ಬಿಟ್ಟು ತಾಲ್ಲೂಕಿಗೆ ಹೋಗೋದು.

ಮೂರು, "ಕನ್ನಡದಲ್ಲಿ ಇದಕ್ಕೆಲ್ಲ ಪದಗಳೇ ಇಲ್ಲ." ಪದ ಬೇಕು ಅಂತ ಯಾರು ಕೇಳಿದ್ರು? ರೂಟರ್ ರೂಟರ್ರೇ ಆಗಿರಲಿ, ಪ್ಯಾಕೆಟ್ ಪ್ಯಾಕೆಟ್ಟೇ ಆಗಿರಲಿ. ಕಾಕಾಗೆ ಬೇಕಾಗಿದ್ದು ಕನ್ನಡ ಪದ ಅಲ್ಲ, ಅರ್ಥ ಆಗೋ ಕನ್ನಡ ವಾಕ್ಯ. ಬ್ರೌಸರನ್ನ ಕನ್ನಡಕ್ಕೆ ಬದಲಾಯಿಸಿದರೂ ಕೆಳಗಿನ ಎರರ್ ಕೋಡ್ ಇಂಗ್ಲಿಷಲ್ಲೇ ಬರುತ್ತೆ. ಆ ಕೋಡಿಗೂ ಮನೆಯವರಿಗೂ ನಡುವೆ ನಿಲ್ಲಬೇಕಾದವರು ನಾವು. ನಮಗೆ ಇಂಗ್ಲಿಷ್ ಗೊತ್ತು, ಮನೆಯಲ್ಲಿ ಕನ್ನಡ ಇದೆ. ಎರಡೂ ಇರೋರು ನಾವೇ ಆಗಿ, ನಾವೇ ಬಾಯಿ ಕಟ್ಟಿಕೊಂಡು ಕೂತರೆ ಹೇಗೆ?

ಹುಡುಕೋ ಕ್ರಮ

ಬರೀ ಉಪದೇಶ ಬೇಡ. ಆ ರಜೆ ಮುಗಿಸಿ ಬಂದ ಮೇಲೆ ನಾವು ಕಲಿತು, ಹಾಸ್ಟೆಲ್‌ನಲ್ಲಿ ನಾಲ್ಕಾರು ಸಲ ಬಳಸಿ ನೋಡಿದ ಕ್ರಮ ಇಲ್ಲಿದೆ. ಮುಂದಿನ ಸಲ ಊರಿಗೆ ಹೋಗುವಾಗ ನೆನಪಿಟ್ಟುಕೊಳ್ಳಿ.

ಮೊದಲು ಏನನ್ನೂ ಮುಟ್ಟಬೇಡಿ, ಮೂರು ಪ್ರಶ್ನೆ ಕೇಳಿ. ಒಂದೇ ಸೈಟಾ, ಎಲ್ಲಾ ಸೈಟಾ? ಒಂದೇ ಡಿವೈಸಾ, ಎಲ್ಲಾ ಡಿವೈಸಾ? ಮೊಬೈಲ್ ಡೇಟಾದಲ್ಲಿ ಬರುತ್ತಾ? ಡೇಟಾದಲ್ಲಿ ನೋಡುವಾಗ ವೈಫೈ ಆಫ್ ಮಾಡೋದು ಮರೀಬೇಡಿ. ಈ ಮೂರರಲ್ಲೇ ತಪ್ಪು ಸೈಟಿನದ್ದಾ, ಲೈನಿನದ್ದಾ, ಕಂಪ್ಯೂಟರಿನದ್ದಾ ಅಂತ ಮುಕ್ಕಾಲು ಪಾಲು ಗೊತ್ತಾಗುತ್ತೆ. ಅರ್ಜೆಂಟ್ ಅರ್ಜಿ ಇದ್ದರೆ ಹಾಟ್‌ಸ್ಪಾಟ್‌ನಲ್ಲಿ ಮೊದಲು ಅದನ್ನ ಮುಗಿಸಿ, ರಿಪೇರಿ ಆಮೇಲೆ ಇರಲಿ.

ಎರಡನೆಯದು ದೀಪ. ಫೈಬರ್ ಡಬ್ಬಿಯಲ್ಲಿ ಎಲ್‌ಒಎಸ್ ಅಂತ ಬರೆದಿರೋ ಕಡೆ ಕೆಂಪು ದೀಪ ಇದ್ದರೆ ಬೆಳಕೇ ಬರ್ತಿಲ್ಲ ಅಂತ ಅರ್ಥ. ಎಲ್ಲೋ ಫೈಬರ್ ತುಂಡಾಗಿದೆ ಅಥವಾ ಮಡಚಿದೆ. ಅದಕ್ಕೆ ಮನೆಯಲ್ಲಿ ಮಾಡೋದು ಏನೂ ಇಲ್ಲ, ಲೈನಿನವರಿಗೆ ಫೋನ್ ಮಾಡಿ.

ಮೂರು, ವಿಳಾಸ. ಕಂಪ್ಯೂಟರಿಗೆ ಸಿಕ್ಕಿರೋ ಐಪಿ ನೋಡಿ. 192.168ರಿಂದ ಶುರುವಾದರೆ ಸಾಮಾನ್ಯವಾಗಿ ರೂಟರ್ ಕೊಟ್ಟಿದ್ದು. 169.254ರಿಂದ ಶುರುವಾದರೆ ರೂಟರ್ ಏನೂ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದು ವಿಳಾಸ ಬರ್ಕೊಂಡಿದೆ. ಕೇಬಲ್, ವೈಫೈ, ರೂಟರ್ ಕಡೆ ನೋಡಿ.

ನಾಲ್ಕು, ಹೆಸರು ಮತ್ತು ನಂಬರ್. ಮೊದಲು ರೂಟರ್‌ಗೆ ಪಿಂಗ್, ಆಮೇಲೆ 8.8.8.8ಕ್ಕೆ ಪಿಂಗ್, ಆಮೇಲೆ ಸೈಟಿನ ಹೆಸರಿಗೆ. ನಂಬರಿಗೆ ಉತ್ತರ ಬಂದು, ಹೆಸರಿನ ವಿಳಾಸವೇ ಸಿಗದಿದ್ದರೆ ಅದು ಡಿಎನ್‌ಎಸ್. ಆಗ ಮಾತ್ರ ಡಿಎನ್‌ಎಸ್ ಬದಲಾಯಿಸೋದರಲ್ಲಿ ಅರ್ಥ ಇದೆ. ಎಷ್ಟೋ ಸೈಟ್‌ಗಳು ಪಿಂಗ್‌ಗೆ ಉತ್ತರ ಕೊಡಲ್ಲ, ಅಷ್ಟಕ್ಕೇ ಸೈಟ್ ಬಿದ್ದಿದೆ ಅಂತ ಅಲ್ಲ. ಹೆಸರು ನಂಬರಾಗಿ ಬದಲಾಯ್ತಾ ಅಂತ ನೋಡಿದರೆ ಸಾಕು.

ಐದು, ತಾರೀಖು. ಇದನ್ನ ನಾವು ಮೊದಲು ನಂಬಿರಲಿಲ್ಲ. ಹಳೇ ಕಂಪ್ಯೂಟರಿನ ಮದರ್‌ಬೋರ್ಡಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತೆ. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತೆ. ಆಗ ಬ್ರೌಸರ್ ಕಣ್ಣಿಗೆ ಸೈಟಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇರಲ್ಲ. ಒಂದರ ಹಿಂದೊಂದು ಸೈಟಲ್ಲಿ ವಾರ್ನಿಂಗ್. ಸೆಲ್ ಬದಲಾಯಿಸಿ, ತಾರೀಖು ಸರಿ ಮಾಡಿ, ಮುಗೀತು. ಇದರ ಉಲ್ಟಾನೂ ಆಗುತ್ತೆ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಬಳಸ್ತಿದ್ದ ಒಂದು ಹಳೇ ರೂಟ್ ಸರ್ಟಿಫಿಕೇಟ್‌ನ ಅವಧಿ ಮುಗೀತು. ಅಪ್‌ಡೇಟ್ ಕಾಣದ ಎಷ್ಟೋ ಹಳೇ ಸಾಧನಗಳಲ್ಲಿ ಅವತ್ತಿಂದ ಕೆಲವು ಸೈಟ್‌ಗಳು ತೆರೆಯೋದೇ ನಿಂತಿತು. ಒಂದು ಎಚ್ಚರಿಕೆ: ಸರ್ಟಿಫಿಕೇಟ್ ವಾರ್ನಿಂಗ್ ಬಂದಾಗ "ಇರ್ಲಿ, ಮುಂದೆ ಹೋಗು" ಅಂತ ಒತ್ತೋದನ್ನ ಮನೆಯವರಿಗೆ ಕಲಿಸಬೇಡಿ. ನಾಳೆ ಬ್ಯಾಂಕ್ ಸೈಟ್ ಥರ ಕಾಣೋ ನಕಲಿ ಪೇಜಲ್ಲೂ ಅದನ್ನೇ ಒತ್ತುತ್ತಾರೆ.

ಆರು, ಸಣ್ಣದು ಬಂದು ದೊಡ್ಡದು ಬರದಿದ್ದರೆ, ಕೆಲವು ಸೈಟ್ ಮಾತ್ರ ಎರರ್ ಇಲ್ಲದೆ ಸುತ್ತುತ್ತಿದ್ದರೆ, ಕಾಕಾನ ಹೇರು-ಕಮಾನು ನೆನಪು ಮಾಡ್ಕೊಳ್ಳಿ. 1472, 1464.

ಕೊನೆಯದಾಗಿ, ರೀಸೆಟ್ ತೂತಿನ ಹತ್ರ ಹೋಗೋಕೆ ಮುಂಚೆ ರೂಟರ್‌ನ ಸೆಟ್ಟಿಂಗ್ ಪೇಜಿನ ಫೋಟೋ ತೆಗೆದು, ಕನೆಕ್ಷನ್‌ನ ಯೂಸರ್‌ನೇಮ್ ಪಾಸ್‌ವರ್ಡ್ ಕೇಳಿ ಬರೆದಿಟ್ಟುಕೊಳ್ಳಿ. ಇಲ್ಲಾಂದ್ರೆ ಏನಾಗುತ್ತೆ ಅಂತ ಮೇಲೆ ಓದಿದ್ದೀರಿ.

ನಮ್ಮ ಕೈಲಿ ಇಲ್ಲದ್ದೂ ಇದೆ. 2021ರ ಅಕ್ಟೋಬರ್ 4ರ ರಾತ್ರಿ 9 ಗಂಟೆ ಸುಮಾರಿಗೆ ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಒಟ್ಟಿಗೆ ಮಾಯ ಆಗಿದ್ದು ನೆನಪಿದೆಯಾ? ನಾವಾಗ ಹೈಸ್ಕೂಲು. ಆ ಕಂಪನಿಯೊಳಗಿನ ಒಂದು ತಪ್ಪಿನಿಂದ ಅವರ ಡಿಎನ್‌ಎಸ್ ಸರ್ವರ್‌ಗಳಿಗೆ ಹೋಗೋ ದಾರಿಯ ವಿವರವೇ ಇಂಟರ್ನೆಟ್‌ನಿಂದ ಅಳಿಸಿ ಹೋಗಿತ್ತು, ಸುಮಾರು ಆರು ಗಂಟೆ ಹೊತ್ತು. ಅವತ್ತು ನಮ್ಮ ಮನೆಗಳಲ್ಲೂ ರೂಟರ್ ಆಫ್ ಆನ್ ಆಗಿದ್ದೇ ಆಗಿದ್ದು. "ಇದು ನಮ್ಮದಲ್ಲ, ಮಲಗೋಣ" ಅಂತ ಹೇಳೋಕೂ ಗೊತ್ತಿರಬೇಕು. ಅದೂ ಒಂದು ಉತ್ತರವೇ.

ಕ್ಲಬ್ಬಿಗೆ ಒಂದು ಮಾತು

ನಮ್ಮ ಕನ್ನಡ ಸಂಘ ರಾಜ್ಯೋತ್ಸವ ಚೆನ್ನಾಗಿ ಮಾಡುತ್ತೆ. ಶಾಲು, ಬಾವುಟ, ಡೊಳ್ಳು, ಎಲ್ಲ ಇರಲಿ, ನಾವೂ ಕುಣೀತೀವಿ. ಅದರ ಜೊತೆ ಇನ್ನೊಂದು ಕೆಲಸ ಸೇರಿಸೋಣ ಅಂತ ನಮ್ಮ ಕೋರಿಕೆ. ಪ್ರತಿ ರಜೆಗೆ ಮುಂಚೆ ಒಂದು ಸಂಜೆ, ಎರಡು ಗಂಟೆ. ಸೀನಿಯರ್‌ಗಳು ಬೇಕಂತಲೇ ಕೆಡಿಸಿಟ್ಟ ಒಂದು ರೂಟರ್, ಒಂದು ಹಳೇ ಕಂಪ್ಯೂಟರ್. ಜೂನಿಯರ್‌ಗಳು ಹುಡುಕಬೇಕು, ಸಿಕ್ಕಿದ ಮೇಲೆ ಏನಾಗಿತ್ತು ಅಂತ ಕನ್ನಡದಲ್ಲಿ, ಅಜ್ಜಿಗೆ ಅರ್ಥ ಆಗೋ ಹಾಗೆ ಹೇಳಬೇಕು. ಹೊರಡುವಾಗ ಎಲ್ಲರ ಕೈಗೂ ಒಂದು ಪುಟದ ಕನ್ನಡ ಹಾಳೆ, ಊರಿನ ರೂಟರ್ ಪಕ್ಕ ಗೋಡೆಗೆ ಅಂಟಿಸೋಕೆ. ಖರ್ಚು ಝೆರಾಕ್ಸಿನದ್ದು ಮಾತ್ರ.

ಆ ಹಾಳೆಯ ಮೊದಲ ಪ್ರತಿ ನಾವು ಬರೆದಿದ್ದೀವಿ. ಕಾಗುಣಿತ ತಪ್ಪು ಇತ್ತು, ತಂಗಿಯೇ ತಿದ್ದಿದ್ಲು. ಈಗ ಅದು ಯಲವಿಗಿಯ ಆ ಮನೆಯಲ್ಲಿ ಕ್ಯಾಲೆಂಡರ್ ಪಕ್ಕ ಅಂಟಿದೆ.

ಹೋದ ವಾರ ಅವಳೇ ಫೋನ್ ಮಾಡಿದ್ಲು. "ಅಣ್ಣಾ, ಒಂದು ಸೈಟ್ ಬರವಲ್ದು. ಬಾಕಿ ಎಲ್ಲಾ ಬರ್ತಾವು. ಮಾಳಗಿ ಮ್ಯಾಲೆ ಹೋಗಿ ಡೇಟಾ ಹಾಕಿ ನೋಡಿದೆ, ಅಲ್ಲೂ ಬರವಲ್ದು. ಅಂದ್ರ ಇದು ನಮ್ಮದಲ್ಲ, ಅವರದ್ದು, ಹೌದಲ್ಲ?"

ಹೌದು ಅಂದ್ವಿ. ಅವಳು ಪುಸ್ತಕ ತೆಗೆದು ಓದೋಕೆ ಕೂತ್ಲಂತೆ. ರೂಟರ್ ಹತ್ರ ಯಾರೂ ಹೋಗಲಿಲ್ಲ.